ಮೂವತ್ತೆರಡು ಮಿಲಿಮೀಟರಿನ ಕೆಂಪು ನೆಲ

ಎಲ್ಲಕ್ಕೂ ಕಾರಣ, ಮಹಾನವಮಿಯ ಹಿಂದಿನ ದಿನ ಊಟಕ್ಕೆ ಕೂತಾಗ ಸಂಪತ್ ಆಡಿದ ಒಂದು ಮಾತು.

"ಅಮ್ಮ, ನಾಳೆ ಆಯುಧಪೂಜೆ ಮಾಡೋವಾಗ ನನ್ನ ಡಬ್ಬಕ್ಕೂ ಒಂದು ಬೊಟ್ಟು ಕುಂಕುಮ ಇಟ್ಬಿಡು. ನಾಳೆ ಪಂದ್ಯ ಇದೆ."

"ಆಗ್ಲಿ" ಅಂದರು ಯಶೋದಮ್ಮ.

ಅಷ್ಟೇ. ಬೇರೆಯವರ ಮನೆಯಲ್ಲಾಗಿದ್ದರೆ ಡಬ್ಬಕ್ಕೊಂದು ಬೊಟ್ಟು, ಮೇಲೊಂದು ಸೇವಂತಿಗೆ ಬಿದ್ದು ಕತೆ ಮುಗಿಯುತ್ತಿತ್ತು. ಆದರೆ ಯಶೋದಮ್ಮನವರಿಗೆ ಅರ್ಧಂಬರ್ಧ ಪೂಜೆ ಮಾಡಿ ಅಭ್ಯಾಸವಿಲ್ಲ. ಮಾರನೆಯ ಬೆಳಿಗ್ಗೆ ಸಂಪತ್ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದಾಗ, ಅವನ ನಲವತ್ತು ಪುಟಾಣಿ ಸೈನಿಕರು ಡಬ್ಬದಿಂದ ಹೊರಬಂದು ದಸರಾ ಗೊಂಬೆಗಳ ಕೊನೆಯ ಮೆಟ್ಟಿಲಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕಾಯುವವರಂತೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದರು. ಪ್ರತಿಯೊಬ್ಬನ ಹಣೆಯಲ್ಲೂ ಕುಂಕುಮ. ಶಿರಸ್ತ್ರಾಣ ಇಳಿಬಿಟ್ಟುಕೊಂಡಿದ್ದ ಒಬ್ಬ ಬಿಲ್ಲುಗಾರನಿಗೆ ಮಾತ್ರ ಹಣೆ ಸಿಗದೆ ಮೂಗಿಗೆ.

ಗಡಿಯಾರದಲ್ಲಿ ಎಂಟೂವರೆ. ವಿಜಯನಗರದಲ್ಲಿ ಹನ್ನೊಂದಕ್ಕೆ ಪಂದ್ಯ.

"ಅಮ್ಮಾ! ಡಬ್ಬಕ್ಕೆ ಅಂದಿದ್ದಲ್ವಾ ನಾನು!"

"ಡಬ್ಬಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನೋ? ತೆಗೆದು ನೋಡ್ದೆ. ಒಬ್ಬೊಬ್ಬನ ಕೈಲೂ ಕತ್ತಿ, ಈಟಿ, ಬಿಲ್ಲು. ಆಯುಧಪೂಜೆ ದಿನ ಇಷ್ಟು ಜನ ಆಯುಧ ಹಿಡ್ಕೊಂಡು ಕತ್ತಲಲ್ಲಿ ಬಿದ್ಕೊಂಡಿದ್ರೆ ಮನೆಗೆ ಒಳ್ಳೇದಾ? ಕೊನೇ ಮೆಟ್ಲು ಹೆಂಗೂ ಖಾಲಿ ಇತ್ತು. ಕೂರಿಸ್ದೆ."

"ಸರಿ, ಪೂಜೆ ಆಯ್ತಲ್ಲ. ತಗೊಂಡ್ ಹೋಗ್ತೀನಿ."

ದೇವರಮನೆಗೆ ಚಪ್ಪಲಿ ಮೆಟ್ಟಿಕೊಂಡು ಬಂದವನನ್ನು ನೋಡುವ ಹಾಗೆ ಯಶೋದಮ್ಮ ಮಗನನ್ನು ನೋಡಿದರು. "ಮೆಟ್ಲಿಗೆ ಕೂರಿಸಿದ ಗೊಂಬೇನ ವಿಜಯದಶಮಿ ದಿನ ಮಲಗಿಸೋವರ್ಗೂ ಯಾರಾದ್ರೂ ಕದಲಿಸ್ತಾರಾ? ನಿಮ್ಮಜ್ಜಿ ಇದ್ದಿದ್ರೆ ಈ ಮಾತು ಆಡೋಕೆ ನಿಂಗೆ ಬಾಯಿ ಬರ್ತಿತ್ತಾ?"

ಬರುತ್ತಿರಲಿಲ್ಲ. ಅದು ಸಂಪತ್‌ಗೂ ಗೊತ್ತಿತ್ತು. ಮೆಟ್ಟಿಲು ಹತ್ತಿದ ಗೊಂಬೆ, ವಿಜಯದಶಮಿಯಂದು ಒಂದನ್ನು ಮಲಗಿಸಿ ಆರತಿ ಎತ್ತುವ ತನಕ ಜಾಗ ಬಿಡುವಂತಿಲ್ಲ. ಅದು ಅಜ್ಜಿಯ ಕಾಲದಿಂದ ಆ ಮನೆಯ ಕಾನೂನು. ಆ ಕಾನೂನಿಗೆ ಮೇಲ್ಮನವಿ ಇಲ್ಲ.

ಸಂಪತ್‌ಗೆ ನಲವತ್ತನಾಲ್ಕು ವರ್ಷ. ಕೆಂಗೇರಿ ಉಪನಗರದ ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರರಿಯನ್. ವಾಸ ಚಂದ್ರಾ ಲೇಔಟಿನ ಮೊದಲ ಮಹಡಿಯ ಬಾಡಿಗೆ ಮನೆ. ಇಡೀ ವಾರ 'ಶ್ಶ್' ಅನ್ನುವುದೇ ಕೆಲಸವಾದ ಈ ಮೆದು ಮನುಷ್ಯ, ಭಾನುವಾರವಾದರೆ ವಿಜಯನಗರದ ಒಂದು ಬೇಕರಿಯ ಮೇಲಿನ ಕೆಫೆಗೆ ಹೋಗಿ, ಮಂಚದಷ್ಟು ದೊಡ್ಡ ಮೇಜಿನ ಮೇಲೆ ಹೆಬ್ಬೆರಳುದ್ದದ ಸೈನಿಕರನ್ನು ನಡೆಸಿ ಯುದ್ಧ ಮಾಡುತ್ತಿದ್ದ. ಟೇಪು ಹಿಡಿದು ಅಳೆಯಬೇಕು, ಸೈನಿಕನನ್ನು ಅಷ್ಟೇ ದೂರ ಸರಿಸಬೇಕು, ದಾಳ ಎಸೆಯಬೇಕು. ಸಂಪತ್ ಎಸೆದ ದಾಳ ಅವನ ಮಾತು ಕೇಳಿದ್ದೇ ಇಲ್ಲ. ಮೂರು ವರ್ಷದಲ್ಲಿ ಒಂದೇ ಒಂದು ಆಟ ಗೆದ್ದಿದ್ದ, ಅದೂ ಎದುರಾಳಿಗೆ ಮನೆಯಿಂದ ಫೋನ್ ಬಂದು ಎದ್ದುಹೋಗಿದ್ದರಿಂದ.

ಅವನು ಗೆಲ್ಲಲು ಹೋಗುತ್ತಿರಲಿಲ್ಲ ಎನ್ನುವುದೇ ಸರಿ. ವರ್ಷಕ್ಕೊಮ್ಮೆ ನಡೆಯುವ ಟೂರ್ನಮೆಂಟಿನಲ್ಲಿ ಒಂದು ಬೇರೆಯೇ ಬಹುಮಾನವಿತ್ತು: ಅತ್ಯುತ್ತಮ ಬೇಸ್. ಪ್ರತಿ ಸೈನಿಕನ ಕಾಲಡಿಯಲ್ಲಿ ಒಂದು ಬಿಲ್ಲೆ ಇರುತ್ತದಲ್ಲ, ಅದಕ್ಕೆ ಅವರು ಬೇಸ್ ಎನ್ನುತ್ತಾರೆ. ಎಲ್ಲರೂ ಅಂಗಡಿಯ ಪ್ಲಾಸ್ಟಿಕ್ ಬಿಲ್ಲೆಗೆ ಮರಳು, ಹಸಿರು ಪುಡಿ ಉದುರಿಸಿ ತರುತ್ತಿದ್ದರು. ಸಂಪತ್‌ನ ಸೈನಿಕರು ಮಾತ್ರ ನಿಂತಿದ್ದದ್ದು ಅಪ್ಪಟ ಕೆಂಪು ಗಾರೆ ನೆಲದ ಮೇಲೆ.

ಅದು ರಾಜಾಜಿನಗರದ ಅವನ ಹಳೆಯ ಮನೆಯ ನೆಲ. ಸಂಜೆ ದೀಪ ಹಚ್ಚಿದ ಮೇಲೆ ತಾತ ಕೆಂಪಯ್ಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಯುದ್ಧದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದರು. ಅರ್ಥ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ತಾತನ ದನಿ ಏರಿದರೆ ರಥ ಓಡುತ್ತಿದೆಯೆಂದೂ ಇಳಿದರೆ ಯಾರೋ ಬಿದ್ದರೆಂದೂ ಸಂಪತ್‌ಗೆ ಗೊತ್ತಾಗುತ್ತಿತ್ತು. ಅಜ್ಜಿ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಲ್ಲಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ ಆ ತಣ್ಣನೆಯ ನೆಲದ ಮೇಲೆ ಹೊಟ್ಟೆಯೂರಿ ಮಲಗಿ, ಹುಣಸೆಬೀಜದ ಎರಡು ಸೈನ್ಯ ಮಾಡಿ, ಪದ್ಯ ನಡೆದಂತೆ ನಡೆಸುತ್ತಿದ್ದ. ಬಿದ್ದವರನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದೂ ಉಂಟು.

ತಾತ ಹೋದರು, ಅಜ್ಜಿ ಹೋದರು, ಮನೆ ಪಾಲಾಗಿ ಮಾರಾಟವಾಯಿತು. ಕೆಡವಿದ ದಿನ ಸಂಪತ್ ಒಂದು ಗೋಣಿಚೀಲ ಹಿಡಿದುಕೊಂಡು ಹೋಗಿ ಆ ನೆಲದ ಚೂರುಗಳನ್ನು ಆರಿಸಿ ತಂದ. ಹುಣಸೆಬೀಜಕ್ಕೆ ಬದಲು ಈಗ ಬಣ್ಣದ ಸೈನಿಕರು. ನೆಲ ಮಾತ್ರ ಅದೇ ಇರಲಿ ಎಂಬುದು ಅವನ ಆಸೆ. ನಾಲ್ಕು ಜನ ಅದನ್ನು ನೋಡಿ, ಇದು ಯಾವ ಮನೆಯದು ಎಂದು ಒಮ್ಮೆ ಕೇಳಿದರೆ ಸಾಕಿತ್ತು.

ಹೋದ ವರ್ಷ ಕೇಳುವ ಮೊದಲೇ ಹೊರಹಾಕಿದ್ದರು. ಬೇಸ್ ಮೂವತ್ತೆರಡು ಮಿಲಿಮೀಟರ್ ಇರಬೇಕು. ಅಗಲವಾದರೆ ಸೈನಿಕನ ಕೈ ದೂರಕ್ಕೆ ಎಟುಕುತ್ತದೆ, ಅದು ಮೋಸ. ಸಂಪತ್‌ನದು ಮೂವತ್ತನಾಲ್ಕಿತ್ತು. ತಪ್ಪು ಊಟದ ಮೇಜಿನದು. ಹಳೆಯ ಮನೆಯಲ್ಲಿ ನೆಲ ಉಬ್ಬಿದ್ದ ಕಡೆಗೆ ಹೊಂದಿಸಲು ತಾತ ಅದರ ಒಂದು ಕಾಲನ್ನು ಚೂರು ಕುಯ್ದಿದ್ದರು. ಚಂದ್ರಾ ಲೇಔಟಿನ ನುಣುಪು ಟೈಲ್ಸಿನ ಮೇಲೆ ಅದು ಬಂದಂದಿನಿಂದ ಗಡಗಡ ಅಲ್ಲಾಡುತ್ತಲೇ ಇತ್ತು. ಅದರ ಮೇಲಿಟ್ಟು ಅಳೆದದ್ದೆಲ್ಲ ಆಚೀಚೆ. ಈ ವರ್ಷ ಸಂಪತ್ ಮೇಜು ಬಿಟ್ಟು ನೆಲದ ಮೇಲೆ ಕೂತು, ಹನ್ನೊಂದು ತಿಂಗಳು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ, ನಲವತ್ತು ಬಿಲ್ಲೆಗಳನ್ನೂ ಮೂವತ್ತೆರಡಕ್ಕೆ ತಂದಿದ್ದ. ಮನೆಯ ಬೇಳೆ ಸಾರಿನಲ್ಲೂ ಕೆಂಪು ಧೂಳು ಸಿಗುತ್ತಿತ್ತು.

ಆ ನಲವತ್ತೂ ಈಗ ಮೆಟ್ಟಿಲಿನ ಮೇಲಿದ್ದವು.

"ರೀ, ಸುಮ್ನೆ ನಿಂತ್ಕೊಂಡ್ರೆ ಆಗಲ್ಲ. ಮೇಷ್ಟ್ರನ್ನ ಕರೀರಿ" ಎಂದಳು ಹೆಂಡತಿ ಚೈತ್ರ. ಹನ್ನೊಂದು ತಿಂಗಳು ಧೂಳು ಗುಡಿಸಿದವಳು ಅವಳು. ಬಹುಮಾನ ಬರದಿದ್ದರೆ ಇನ್ನೂ ಹನ್ನೊಂದು ತಿಂಗಳು ಗುಡಿಸಬೇಕಾದೀತೆಂಬ ಭಯ ಅವಳಿಗೆ.

ಎದುರುಮನೆಯ ನಿವೃತ್ತ ಮೇಷ್ಟ್ರು ವಿಶ್ವಾರಾಧ್ಯರನ್ನು ಕರೆಯಬೇಕಾಗಿರಲಿಲ್ಲ. ಯಾರ ಮನೆಯಲ್ಲಿ ದನಿ ಏರಿದರೂ ಅವರು ಅಲ್ಲಿ ಹುಟ್ಟಿಕೊಳ್ಳುತ್ತಿದ್ದರು. ಅವರ ಹಿಂದೆಯೇ ಕೆಳಮನೆಯ ಶಿವಕ್ಕ, ಕೈಯಲ್ಲಿ ಕಡಲೆ ಉಸಲಿಯ ಬಟ್ಟಲು ಹಿಡಿದು. ಶಿವಕ್ಕ ರಾಜಾಜಿನಗರದಲ್ಲೂ ಇವರ ಪಕ್ಕದ ಮನೆಯವರೇ. ಈ ಮನೆ ಹುಡುಕಿಕೊಟ್ಟವರೂ ಅವರೇ.

ಮೇಷ್ಟ್ರು ಸೈನ್ಯವನ್ನು ಪರಿಶೀಲಿಸಿದರು. ಕನ್ನಡಕ ತೆಗೆದರು, ಹಾಕಿದರು. "ಯಶೋದಮ್ಮನವರು ಹೇಳೋದು ಸರಿ. ಕದಲಿಸೋಕಾಗಲ್ಲ."

ಸಂಪತ್ ಕುಸಿದು ಕೂತ.

"ತಾಳಪ್ಪ, ಪೂರ್ತಿ ಕೇಳು. ದೇವಸ್ಥಾನದಲ್ಲಿ ಮೂಲಪೀಠ ಕದಲಲ್ಲ. ಹಾಗಂತ ಸ್ವಾಮಿ ಊರು ನೋಡೋದೇ ಇಲ್ವಾ? ಉತ್ಸವಮೂರ್ತಿ ಹೊರಡುತ್ತೆ, ಮೆರವಣಿಗೆ ಆಗುತ್ತೆ, ವಾಪಸ್ ಬರುತ್ತೆ. ಇಲ್ಲಿ ಮೆಟ್ಲು ಮುಟ್ಟಿರೋದು ಯಾವುದು? ಪೀಠ. ಪೀಠ ಇಲ್ಲೇ ಇರ್ಲಿ. ಮೇಲಿನೋರು ವಿಜಯನಗರಕ್ಕೆ ಹೋಗಿ ಬರ್ಲಿ."

ಯಶೋದಮ್ಮ ಒಂದು ಗಳಿಗೆ ಯೋಚಿಸಿದರು. "ಉತ್ಸವಕ್ಕೆ ಅಂದ್ರೆ ಸರಿ" ಅಂದರು. "ಆದ್ರೆ ಚಪ್ಪಲಿ ಡಬ್ಬದಲ್ಲಿ ತಗೊಂಡ್ ಹೋಗ್ಬಾರದು."

"ಅದು ಚಪ್ಪಲಿ ಡಬ್ಬ ಅಲ್ಲಮ್ಮ, ಶೂ ಡಬ್ಬ."

"ಶೂ ಏನು ತಲೆಗೆ ಹಾಕ್ಕೋತಾರಾ?"

ಸಂಪತ್ ಅಳುವಂತಾದ. ಪೀಠ ಬಿಟ್ಟು ಸೈನಿಕರನ್ನು ಒಯ್ಯುವುದೆಂದರೆ ಪ್ರಾಣ ಬಿಟ್ಟು ದೇಹ ಒಯ್ದಂತೆ. ಆದರೆ ಹೆಸರು ಕೊಟ್ಟಾಗಿದೆ. ಹೋಗದಿದ್ದರೆ ಮುಂದಿನ ವರ್ಷ ಸೇರಿಸಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಬೇಸಿನ ಫೋಟೋಗಳಿವೆ, ಜಡ್ಜ್‌ಗೆ ತೋರಿಸಿ ಬೇಡಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. "ಆಯ್ತು. ಕುಯ್ಯೋಣ. ಮೇಷ್ಟ್ರೇ, ನಿಮ್ಮ ಗರಗಸದ ಬ್ಲೇಡ್ ಕೊಡಿ."

"ಗರಗಸಾನಾ? ಈಗ ತಾನೆ ಕುಂಕುಮ ಇಟ್ಟಿದೀನಲ್ಲಯ್ಯ. ಇವತ್ತು ಮುಟ್ಟೋ ಹಾಗಿಲ್ಲ."

"ಕಟಿಂಗ್ ಪ್ಲೇಯರು?"

"ಅದ್ರ ಪಕ್ಕದಲ್ಲೇ ಕೂತಿದೆ."

ಚೈತ್ರ ಅಡುಗೆಮನೆಗೆ ಓಡಿದಳು. ಚಾಕು, ಕತ್ತರಿ, ಈಳಿಗೆಮಣೆ, ಕೊನೆಗೆ ತೆಂಗಿನತುರಿ ಮಣೆ ಕೂಡ ಹಣೆಗೆ ಕುಂಕುಮ ಇಟ್ಟುಕೊಂಡು ಸೇವಂತಿಗೆ ಮುಡಿದು, ಮುತ್ತೈದೆಯರಂತೆ ಸಾಲಾಗಿ ರಜೆಯಲ್ಲಿದ್ದವು. ಇಡೀ ಬೀದಿಯಲ್ಲಿ ಹರಿತವಾದದ್ದೆಲ್ಲ ಆ ದಿನ ದೇವರಾಗಿತ್ತು. ಮನೆಯೆಲ್ಲ ಜಾಲಾಡಿದ ಮೇಲೆ, ಯಾರೂ ಪೂಜೆ ಮಾಡಬೇಕೆಂದು ನೆನೆಸದ ಒಂದೇ ಒಂದು ಆಯುಧ ಸಿಕ್ಕಿತು: ನೇಲ್ ಕಟರ್.

ಸಂಪತ್ ಮೆಟ್ಟಿಲ ಮುಂದೆ ಮಂಡಿಯೂರಿ, ಸೈನಿಕರ ಅಂಗಾಲಿನ ಕೆಳಗಿನ ಸಣ್ಣ ಗೂಟಗಳನ್ನು ಟಕ್ ಟಕ್ ಎಂದು ಕತ್ತರಿಸತೊಡಗಿದ. ದೂರದಿಂದ ನೋಡಿದರೆ ಭಕ್ತನೊಬ್ಬ ದೇವರಿಗೆ ಉಗುರು ತೆಗೆಯುತ್ತಿರುವಂತೆ ಕಾಣುತ್ತಿತ್ತು. ಮೂವರಿಗೆ ಗೂಟದ ಜೊತೆ ಪಾದವೂ ಹೋಯಿತು.

"ಇವರಿಗೆ ಈಗ ನಿಲ್ಲೋಕೆ ಏನಾದ್ರೂ ಬೇಕಲ್ಲ" ಎಂದಳು ಚೈತ್ರ. "ಬಿಸ್ಕತ್ ಆಗುತ್ತಾ?"

"ಮೂವತ್ತೆರಡು ಮಿಲಿಮೀಟರ್ ಇರ್ಬೇಕು. ದುಂಡಗೆ."

"ನಿಪ್ಪಟ್ಟು?" ಎಂದರು ಮೇಷ್ಟ್ರು.

ಶಿವಕ್ಕ ಉಸಲಿ ಬಟ್ಟಲು ಕೆಳಗಿಟ್ಟು, ಮಾತಿಲ್ಲದೆ ಮೆಟ್ಟಿಲಿಳಿದು ಹೋಗಿ, ಒಂದು ಹಲಗೆ ಹೊತ್ತು ಬಂದರು. ಸಂಪತ್ ನೋಡಿದವನೇ ಎದ್ದು ನಿಂತ. ರಾಜಾಜಿನಗರದ ಶಿವಕ್ಕನ ಮನೆಬಾಗಿಲಿನ ಹಲಗೆ! ಅವರ ಯಜಮಾನರ ಸೋಡಾ ಅಂಗಡಿಯ ಬಾಟಲಿ ಮುಚ್ಚಳಗಳನ್ನು ಹಲ್ಲು ಮೇಲಾಗಿಟ್ಟು ಸಾಲಾಗಿ ಮೊಳೆ ಹೊಡೆದದ್ದು. ಮಳೆಗಾಲದಲ್ಲಿ ಚಪ್ಪಲಿಯ ಕೆಸರು ಅದರ ಹಲ್ಲಿಗೆ ತಿಕ್ಕಿಯೇ ಒಳಗೆ ಹೋಗಬೇಕಿತ್ತು. ತಿಕ್ಕದೆ ಹೋಗಿ ಅವರ ಕೈಲಿ ಬೈಸಿಕೊಂಡಿದ್ದೂ ಅವನಿಗೆ ನೆನಪಾಯಿತು.

"ಇನ್ನೂ ಇಟ್ಕೊಂಡಿದೀರಾ ಶಿವಕ್ಕ?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲಪ್ಪ. ನಿಮ್ಮ ತಾತನ ಚಪ್ಪಲಿ ಮಣ್ಣು ಇದ್ರಲ್ಲಿ ಎಷ್ಟಿದೆಯೋ. ನಮ್ಮನೆಗೆ ಬರೋವಾಗ್ಲೂ ಪದ್ಯ ಹೇಳ್ಕೊಂಡೇ ಕಾಲು ಒರಸೋರು. ಪದ್ಯ ಮುಗಿಯೋವರ್ಗೂ ಒರಸೋರು. ತಗೋ, ಕೀಳು."

ಹಲಗೆ ಗೆದ್ದಲು ಹಿಡಿದು ಹಪ್ಪಳವಾಗಿತ್ತು. ಚಮಚ ತೂರಿಸಿದರೆ ಮುಚ್ಚಳಗಳು ಮೊಳೆ ಸಮೇತ ಎದ್ದು ಬಂದವು. ಮೊಳೆ ಹೋದ ಕಡೆ ನಡುವೆ ಸಣ್ಣ ತೂತು. ಸೈನಿಕನ ಕಾಲಲ್ಲಿ ಉಳಿದಿದ್ದ ಗೂಟದ ಮೋಟು ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೇಷ್ಟ್ರು ಚಪ್ಪಲಿಗೆ ಹಚ್ಚಲು ಇಟ್ಟುಕೊಂಡಿದ್ದ ಗಟ್ಟಿ ಅಂಟಿನ ಟ್ಯೂಬು ತಂದು, ತಾವೇ ಒಂದೊಂದು ತೊಟ್ಟು ಬಿಟ್ಟರು. ಅಂಟಿಗೆ ಪೂಜೆ ಆಗಿರಲಿಲ್ಲ.

ಹತ್ತೂಕಾಲಾಯಿತು. ಅಂಟು ಹಸಿ. ಶೂ ಡಬ್ಬ ನಿಷಿದ್ಧ. ಅಲುಗದೆ, ಒಬ್ಬರಿಗೊಬ್ಬರು ತಾಗದೆ, ನಲವತ್ತು ಜನ ನಿಂತು ಹೋಗುವ ಪಾತ್ರೆ ಯಾವುದು? ಚೈತ್ರ ಅದಕ್ಕೂ ದಾರಿ ಕಂಡಳು. ಮಿನಿ ಇಡ್ಲಿ ಪಾತ್ರೆ. ಮೂರು ತಟ್ಟೆ, ತಟ್ಟೆಗೆ ಹದಿನಾಲ್ಕು ಗುಳಿ. ಗುಳಿಗೊಬ್ಬ ಸೈನಿಕ. ಎರಡು ಗುಳಿ ಮಿಕ್ಕವು. ಶಿವಕ್ಕ ಅವಕ್ಕೆ ಉಸಲಿ ತುಂಬಿದರು.

ಆಟೋದವನು ತನ್ನ ಗಾಡಿಗೆ ಬಾಳೆಕಂದು ಕಟ್ಟಿ, ಕನ್ನಡಿಗೆ ಚೆಂಡುಹೂ ಸುತ್ತಿ, ಹಿಂದೆ ಏನು ಬರುತ್ತಿದೆ ಎಂಬುದನ್ನು ದೇವರಿಗೆ ಬಿಟ್ಟಿದ್ದ. ತೊಡೆಯ ಮೇಲೆ ಇಡ್ಲಿ ಪಾತ್ರೆಯಿಟ್ಟುಕೊಂಡು ಕೂತ ಸಂಪತ್‌ನನ್ನು ತಿರುಗಿ ತಿರುಗಿ ನೋಡಿದ.

"ಬಿಸಿ ಇದ್ಯಾ ಸಾರ್?"

"ಏನು?"

"ಇಡ್ಲಿ."

"ಇಡ್ಲಿ ಅಲ್ಲಪ್ಪ. ಉತ್ಸವಮೂರ್ತಿ" ಅಂದುಬಿಟ್ಟ ಸಂಪತ್. ಬಾಯಿ ಜಾರಿತ್ತು.

ಆಟೋದವನು ತಟ್ಟನೆ ಚಪ್ಪಲಿ ಕಳಚಿ ಬದಿಗೆ ಸರಿಸಿ, ಅಲ್ಲಿಂದ ಮುಂದೆ ಹಂಪ್ ಬಂದಲ್ಲೆಲ್ಲ ಗಾಡಿಯನ್ನು ಪಲ್ಲಕ್ಕಿ ಇಳಿಸಿದಂತೆ ಇಳಿಸಿದ. ವೃತ್ತವೊಂದರಲ್ಲಿ ಒಡೆದ ಬೂದುಗುಂಬಳಕಾಯಿಯ ಮೇಲೆ ಒಂದು ಗಾಲಿ ಜಾರಿ ಗಾಡಿ ಓಲಿದಾಗ, "ಸ್ವಾಮೀ, ತಪ್ಪಾಯ್ತು" ಎಂದು ಪಾತ್ರೆಗೆ ಕೈಮುಗಿದ. ಇಳಿಯುವಾಗ ಪ್ರಸಾದ ಇದೆಯಾ ಎಂದು ಕೇಳಿದ. ಸಂಪತ್ ಎರಡು ಗುಳಿಯ ಉಸಲಿಯನ್ನು ಅವನ ಕೈಗೆ ಹಾಕಿ ಮೆಟ್ಟಿಲು ಹತ್ತಿದ.

ಕೆಫೆಯಲ್ಲಿ ಆಗಲೇ ಮೂವತ್ತು ಜನ ಸೇರಿದ್ದರು. ಬಾಗಿಲಲ್ಲಿ ಟೂರ್ನಮೆಂಟಿನ ಜಡ್ಜ್ ಚೇತನಾ, ಕೊರಳಲ್ಲಿ ದಾರ ಕಟ್ಟಿದ ಉಕ್ಕಿನ ಉಂಗುರ ಹಾಕಿಕೊಂಡು ನಿಂತಿದ್ದಳು. ಮೂವತ್ತು ವರ್ಷವೂ ದಾಟದ ಹುಡುಗಿ. ಆದರೆ ಆ ಉಂಗುರದಲ್ಲಿ ತೂರದ ಬೇಸನ್ನು ಅವಳು ಅಪ್ಪ ಹೇಳಿದರೂ ಒಳಗೆ ಬಿಡುತ್ತಿರಲಿಲ್ಲ.

"ಸಂಪತ್ ಸರ್, ಹತ್ತು ನಿಮಿಷ ಲೇಟು. ತಿಂಡಿ ಹೊರಗಡೆ ಇಟ್ಬಿಡಿ."

"ಮಗಾ, ಅಂಕಲ್ ಇಡ್ಲಿ ಪಾತ್ರೆ ತಂದಿದಾರೆ ಕಣೋ!" ಒಳಗಿನಿಂದ ಗಿರಿರಾಜ್ ಎಂಬ ತರುಣ ಕೂಗಿದ. ಸಂಪತ್ ಮುಚ್ಚಳ ತೆಗೆದ. ಇಂಗಿನ ವಾಸನೆಯ ನಡುವಿನಿಂದ ಕುಂಕುಮಧಾರಿ ಸೈನ್ಯ ಮೇಲೆದ್ದು ಬಂತು. ಗಿರಿರಾಜ್ ಬಗ್ಗಿ ನೋಡಿದ. "ಬೆಂದಿದಾರಾ ಅಂಕಲ್?"

"ಬೆಂದಿರೋದು ನಾನಪ್ಪ" ಅಂದ ಸಂಪತ್.

ಚೇತನಾ ಒಬ್ಬ ಸೈನಿಕನನ್ನು ಎತ್ತಿದಳು. ಸಂಪತ್ ಕಣ್ಣು ಮುಚ್ಚಿಕೊಂಡ. ಸೋಡಾ ಮುಚ್ಚಳ ಎಷ್ಟು ಮಿಲಿಮೀಟರ್ ಎಂದು ಅವಸರದಲ್ಲಿ ಯಾರೂ ಅಳೆದಿರಲಿಲ್ಲ. ಬಾಟಲಿಯ ಮೇಲಿದ್ದಾಗ ಅವು ಚಿಕ್ಕವೇ. ಆದರೆ ರಾಜಾಜಿನಗರದ ಒಂದು ಬೀದಿಯ ಅಷ್ಟೂ ಜನ ವರ್ಷಾನುಗಟ್ಟಲೆ ಕಾಲೊರೆಸಿದ ಭಾರಕ್ಕೆ ಅವುಗಳ ಅಂಚು ಒಂದಿಷ್ಟು ಹರಡಿಕೊಂಡಿತ್ತು. ಎಷ್ಟು ಬೇಕೋ ಅಷ್ಟೇ.

"ಮೂವತ್ತೆರಡು" ಎಂದಳು ಚೇತನಾ. ಇನ್ನೊಂದು ಎತ್ತಿದಳು. "ಮೂವತ್ತೆರಡು. ಸರ್, ಹೋದ ಸಲ ಅಷ್ಟು ಯಡವಟ್ಟಾಗಿತ್ತು, ಈ ಸಲ ಒಂದೂ ಮಿಸ್ಸಿಲ್ಲ. ಬಹಳ ಕಷ್ಟಪಟ್ಟಿದೀರ."

ಸಂಪತ್ ಇಡ್ಲಿ ಪಾತ್ರೆ ಎತ್ತಿಕೊಂಡು ಒಳಗೆ ನಡೆದ.

ಆಟದ ಬಗ್ಗೆ ಹೆಚ್ಚು ಹೇಳುವುದು ಬೇಡ. ಮೂರು ಆಟ, ಮೂರೂ ಸೋಲು. ಅವನ ಸೈನ್ಯ ಮುಂದೆ ಸರಿದಾಗಲೆಲ್ಲ ತಗಡು ಕಿಣಿಕಿಣಿ ಎಂದು, ಎದುರಾಳಿಗೆ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಪಾದ ಕಳೆದುಕೊಂಡ ಮೂವರು ಬಾಣ ತಾಗುವ ಮೊದಲೇ ಬಿದ್ದರು. "ಗುರು, ಇವ್ರು ಭಕ್ತಿ ಜಾಸ್ತಿಯಾಗಿ ಅಡ್ಡ ಬೀಳ್ತಿದಾರೆ" ಎಂದ ಗಿರಿರಾಜ್.

ನಾಲ್ಕು ಗಂಟೆಗೆ ಎಲ್ಲರೂ ತಂತಮ್ಮ ಸೈನ್ಯವನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸಿದರು. ಒಬ್ಬೊಬ್ಬರೂ ನಡೆದು ನೋಡಿ, ಮೆಚ್ಚಿದ ಬೇಸಿಗೆ ಚೀಟಿ ಹಾಕಬೇಕು. ಸುಂಕದಕಟ್ಟೆಯಿಂದ ಬರುತ್ತಿದ್ದ ಮಹದೇವ್ ಎಂಬ ಹಿರಿಯ ಆಟಗಾರ, ಐದು ವರ್ಷದ ಚಾಂಪಿಯನ್, ಸಂಪತ್‌ನ ಸೈನ್ಯದ ಮುಂದೆ ಬಂದು ನಿಂತವರು ಮುಂದೆ ಹೋಗಲೇ ಇಲ್ಲ. ಹಲಗೆಗೆ ಮುಖ ಮಾಡಿಕೊಂಡು ಇಷ್ಟು ವರ್ಷ ಬಿಸಿಲು ಕಾಣದ್ದರಿಂದ ಮುಚ್ಚಳದ ಮೇಲಿನ ಚಿತ್ರ ಹೊಸದರಂತಿತ್ತು: ಕಿತ್ತಳೆಯ ಬಣ್ಣದ ದುಂಡು, ಒಂದು ಹಸಿರೆಲೆ.

"ಇದು ಆ ಕಿತ್ತಳೆ ಸೋಡಾ ಅಲ್ವೇನ್ರೀ?" ಮಹದೇವ್ ಮೆಲ್ಲಗೆ ಕೇಳಿದರು. "ಟೆಂಟ್‌ನಲ್ಲಿ ಇಂಟರ್‌ವಲ್ ಬೆಲ್ ಹೊಡೆದಾಗ ಮಾರೋರು. ಒಂದು ಬಾಟ್ಲಿಗೆ ನಾವು ನಾಲ್ಕು ಜನ. ನಮ್ಮಕ್ಕ ಮೊದಲ ಗುಟುಕು, ನಾನು ಕೊನೇದು. ಬರೀ ಗ್ಯಾಸ್ ಸಿಗೋದು ನಂಗೆ."

"ನಮ್ಮಪ್ಪ ಇದನ್ನ ಚಪ್ಪಟೆ ಬಡಿದು ದಾರ ಹಾಕಿ ಗಿರಗಿಟ್ಲೆ ಮಾಡಿಕೊಡ್ತಿದ್ರು" ಎಂದರು ಇನ್ನೊಬ್ಬರು.

ಐದು ನಿಮಿಷದಲ್ಲಿ ಮೇಜಿನ ಆ ಕೊನೆಯಲ್ಲಿ ಹತ್ತು ಜನ ನೆರೆದು, ಯಾರೂ ಯುದ್ಧದ ಮಾತಾಡದೆ ಗಂಟಲು ಸವರಿಕೊಳ್ಳುತ್ತಿದ್ದರು. ತಾನು ಹುಟ್ಟುವ ಮೊದಲೇ ನಿಂತುಹೋದ ಆ ಪಾನೀಯವನ್ನು ಗಿರಿರಾಜ್ ಕೂಡ ನೆನಪು ಮಾಡಿಕೊಳ್ಳತೊಡಗಿದ.

ಸಂಪತ್ ತಡೆಯಲಾರದೆ ಮೊಬೈಲ್ ತೆಗೆದ. "ಸ್ವಲ್ಪ ಇಲ್ಲಿ ನೋಡಿ. ನಿಜವಾದ ಬೇಸ್ ಇವು. ಇವನ್ನ ಮಾಡೋಕೆ ಹನ್ನೊಂದು ತಿಂಗಳು..."

ಮಹದೇವ್ ಕನ್ನಡಕ ಸರಿಸಿ ಫೋಟೋ ನೋಡಿದರು. "ಚೆನ್ನಾಗಿದೆ. ಆದ್ರೆ ತುಂಬ ನುಣುಪು ಕಣ್ರೀ. ಅಂಗಡೀಲಿ ಸಿಗೋ ಥರ ಇದೆ. ಇದ್ರಲ್ಲಿರೋ ಜೀವ ಅದ್ರಲ್ಲಿಲ್ಲ."

ಮೂವತ್ತು ಚೀಟಿಯಲ್ಲಿ ಇಪ್ಪತ್ತಾರು ಸಂಪತ್‌ಗೆ. ಚಪ್ಪಾಳೆಯ ನಡುವೆ ಅವನು "ಇದು ನಂದಲ್ಲ, ಶಿವಕ್ಕಂದು" ಎಂದ. "ಎಷ್ಟು ವಿನಯ ಸರ್ ನಿಮಗೆ" ಎಂದಳು ಚೇತನಾ. ಬಹುಮಾನದ ಪೆಟ್ಟಿಗೆ ಕೊಟ್ಟು ಸೂಚನೆಯನ್ನೂ ಓದಿದಳು: "ಗೆದ್ದ ಸೈನ್ಯ ಮುಂದಿನ ವರ್ಷ ಇದೇ ಬೇಸ್ ಮೇಲೆ ಬಂದು ಪಟ್ಟ ಉಳಿಸ್ಕೋಬೇಕು. ಅಲ್ಲೀವರೆಗೆ ಒಂದನ್ನೂ ಕದಲಿಸೋ ಹಾಗಿಲ್ಲ."

ಈ ಮಾತನ್ನು ಬೆಳಿಗ್ಗೆ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು ಸಂಪತ್‌ಗೆ.

ಪೆಟ್ಟಿಗೆಯನ್ನು ಕೆಫೆಯ ಮೆಟ್ಟಿಲ ಮೇಲೆಯೇ ಬಿಚ್ಚಿದ. ಒಳಗೆ ಅಚ್ಚಿನಲ್ಲಿ ಎರಕ ಹೊಯ್ದ, ಪ್ಲಾಸ್ಟಿಕ್ಕಿನ, ಮೂವತ್ತೆರಡು ಮಿಲಿಮೀಟರಿನ ನಲವತ್ತು ಬೇಸ್‌ಗಳು. ಮೇಲಿನ ಚೀಟಿಯಲ್ಲಿ ಹೀಗೆ ಅಚ್ಚಾಗಿತ್ತು: ಹಳೇ ಮನೆ ಸರಣಿ, ಕೆಂಪು ಗಾರೆ ನೆಲ.

ಸಂಪತ್ ಅಲ್ಲೇ ಕೂತ. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಹೋಗಲಿ ಬಿಡು ಅಂದುಕೊಂಡ. ಇವರು ಈ ಮುಚ್ಚಳದ ಮೇಲೇ ನಿಂತಿರಲಿ. ಮನೆಯಲ್ಲಿ ನನ್ನ ನೆಲ ನನಗಿದೆ. ಹೊಸ ಸೈನಿಕರನ್ನು ತಂದು ಬಣ್ಣ ಬಳಿದು ನಿಲ್ಲಿಸಿದರಾಯಿತು.

ಮನೆಗೆ ಬಂದಾಗ ಸಂಜೆಯಾಗಿತ್ತು. ನಡುಮನೆಯ ತುಂಬ ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು. ಎಲ್ಲರೂ ಕೊನೆಯ ಮೆಟ್ಟಿಲಿನತ್ತಲೇ ಬಗ್ಗಿದ್ದರು. ಸಂಪತ್ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ನೋಡಿದ.

ನಲವತ್ತು ಕೆಂಪು ಪೀಠಗಳ ಮೇಲೆ ನಲವತ್ತು ಗೊಂಬೆಗಳು ನಿಂತಿದ್ದವು.

ಅಜ್ಜಿಯ ಗೊಂಬೆಗಳು. ಓಲಗದವರು, ಬುಟ್ಟಿ ಹೊತ್ತ ಹೂವಾಡಗಿತ್ತಿ, ಒಂದು ಕಿವಿ ಹೋದ ಆನೆ, ಮೊರದಲ್ಲಿ ರಾಗಿ ಕೇರುವ ಹೆಂಗಸು. ಬುಡ ಸವೆದು ಒಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲವಾಗಿ, ಪ್ರತಿ ವರ್ಷ ಯಶೋದಮ್ಮ ಅವನ್ನು ಟ್ರಂಕಿನಿಂದ ತೆಗೆದು, ನಿಲ್ಲಿಸಿ ನೋಡಿ, ಬಿದ್ದ ಮೇಲೆ ನಿಟ್ಟುಸಿರು ಬಿಟ್ಟು ಮತ್ತೆ ಸೀರೆಯಲ್ಲಿ ಸುತ್ತಿಡುತ್ತಿದ್ದರು. ಕೊನೆಯ ಮೆಟ್ಟಿಲು ಖಾಲಿ ಇರುತ್ತಿದ್ದದ್ದು ಅದಕ್ಕೇ.

"ಪೀಠ ಖಾಲಿ ಬಿಡಬಾರದು ಅಂದ್ರು ಮೇಷ್ಟ್ರು" ಎಂದರು ಯಶೋದಮ್ಮ. ಅವರ ಕಣ್ಣು ಹೊಳೆಯುತ್ತಿತ್ತು. "ನೋಡೋ, ಹೆಂಗೆ ನಿಂತಿದಾರೆ! ನಮ್ಮತ್ತೆ ಗೊಂಬೆ, ನಮ್ಮತ್ತೆ ಉಜ್ಜಿದ ನೆಲದ ಮೇಲೇ."

"ಪೂರ್ತಿ ಟ್ಯೂಬು ಖಾಲಿ ಮಾಡಿದೀನಯ್ಯ" ವಿಶ್ವಾರಾಧ್ಯರು ಹೆಮ್ಮೆಯಿಂದ ಹೇಳಿದರು. "ಅದು ಚಪ್ಪಲಿಗೆ ಹಚ್ಚೋ ಅಂಟು. ನೀನು ಮೊಮ್ಮಕ್ಕಳನ್ನ ಕಂಡ್ರೂ ಅಲ್ಲಾಡಲ್ಲ."

ಬಂದವರಲ್ಲಿ ಹಳೆಯ ಬೀದಿಯ ಒಬ್ಬ ಮುದುಕಿ, ಆನೆಯ ಕಾಲಡಿಯನ್ನು ಬೆರಳಿನಿಂದ ಸವರಿ ಕೇಳಿದರು: "ಯಶೋದಾ, ಇದು ನಿಮ್ಮ ರಾಜಾಜಿನಗರದ ಮನೆ ನೆಲ ಅಲ್ವೇನೇ?"

ಹನ್ನೊಂದು ತಿಂಗಳು ಸಂಪತ್ ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದಿದ್ದ ಪ್ರಶ್ನೆ. ಕೇಳಿದ್ದು ಅವನನ್ನಲ್ಲ.

ಅವನು ಬಾಯಿ ತೆರೆದ. ಹೂವಾಡಗಿತ್ತಿಯ ಮುಖ ನೋಡಿ ಮುಚ್ಚಿದ. ಒಳಗೆ ಹೋಗಿ ಊಟದ ಮೇಜಿನ ಮೇಲೆ ಇಡ್ಲಿ ಪಾತ್ರೆ ಇಟ್ಟ, ಪಕ್ಕದಲ್ಲಿ ಬಹುಮಾನದ ಪೆಟ್ಟಿಗೆ ಇಟ್ಟ. ಮೇಜು ಎಂದಿನಂತೆ ಗಡಗಡ ಎಂದಿತು, ಸೈನ್ಯ ಕಿಣಿಕಿಣಿ ಎಂದಿತು.

ಹಿಂದೆಯೇ ಬಂದ ಚೈತ್ರ ಪೆಟ್ಟಿಗೆಯಿಂದ ಒಂದು ಬೇಸ್ ಎತ್ತಿ ನೋಡಿದಳು. "ರೀ, ಗೆದ್ರಾ? ಅಯ್ಯೋ, ಇದು ಥೇಟ್ ನೀವು ಮಾಡಿದ್ದೇ! ಹನ್ನೊಂದು ತಿಂಗಳು ಉಜ್ಜೋ ಬದ್ಲು ಇದನ್ನೇ ತರಬಹುದಿತ್ತಲ್ವಾ?"

ಯಶೋದಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಉಗುರಿನಿಂದ ಕೆರೆದು, ಮೂಸಿ, "ಪ್ಲಾಸ್ಟಿಕ್ಕು" ಎಂದರು. ಬಿಸಾಡುವರೇನೋ ಅಂದುಕೊಂಡ ಸಂಪತ್. ಅವರು ಬಗ್ಗಿ, ಮೇಜಿನ ಮೋಟುಗಾಲನ್ನು ಒಂದು ಕೈಯಲ್ಲಿ ಎತ್ತಿ, ಅದರ ಕೆಳಗೆ ಆ ಕೆಂಪು ಬಿಲ್ಲೆಯನ್ನು ಸರಿಸಿದರು.

ಸಂಪತ್ ಎರಡೂ ಕೈಯೂರಿ ಮೇಜನ್ನು ಅಲ್ಲಾಡಿಸಿ ನೋಡಿದ. ಅಲುಗಲಿಲ್ಲ.

"ಅಂತೂ ನಿಂತ್ಕೊಂತು" ಎಂದರು ಯಶೋದಮ್ಮ. "ಇನ್ನು ಅದನ್ನ ಕದಲಿಸ್ಬೇಡ."